ವ್ಯಾಪಾರಿಗಳ ಚೆಕ್ಕು: ಕಾಗದದೊಳಗಿನ ಕಾವಲು ಮತ್ತು ಅದರ ಮಿತಿ

ಯುಪಿಐ ಬಂದ ಮೇಲೆ ಚೆಕ್ಕಿನ ಕಾಲ ಮುಗಿಯಿತೆಂದು ಹೇಳುವವರು ಒಮ್ಮೆ ಯಾವುದಾದರೊಂದು ಅಡಕೆ ಮಂಡಿಗೋ, ಗೇರುಬೀಜ ಕಾರ್ಖಾನೆಯ ಕಚೇರಿಗೋ, ಸಹಕಾರ ಸಂಘಕ್ಕೋ ಹೋಗಿ ನೋಡಬೇಕು. ಇಬ್ಬರ ಸಹಿ ಬೇಕಾದ ಪಾವತಿ, ಮುಂದಿನ ತಾರೀಕು ಹಾಕಿ ಕೊಡುವ ಪಾವತಿ, ಗುತ್ತಿಗೆದಾರರ ದೊಡ್ಡ ಬಿಲ್ಲು ಇಂಥವು ಇಂದಿಗೂ ಚೆಕ್ಕನ್ನು ಬಿಟ್ಟಿಲ್ಲ. ಚೆಕ್ಕಿನ ಬೆನ್ನುಹತ್ತಿದ ವಂಚಕರೂ ಬಿಟ್ಟಿಲ್ಲ. ವಂಚನೆ ನಡೆದಾಗ ನಷ್ಟ ಬ್ಯಾಂಕಿನ ತಲೆಗೋ ಖಾತೆದಾರನ ತಲೆಗೋ ಎಂಬ ಪ್ರಶ್ನೆ ಹಲವು ಸಲ ಆ ಹಾಳೆಯ ಕಾಗದ ಹಾಗೂ ಅದರ ಮೇಲೆ ಬರೆದ ಮಸಿಯನ್ನೇ ಅವಲಂಬಿಸಿರುತ್ತದೆ. ಇದನ್ನು ನಮ್ಮ ವ್ಯಾಪಾರಿಗಳು ಅಷ್ಟಾಗಿ ಗಮನಿಸಿದಂತಿಲ್ಲ.

ಈ ವಿಷಯದಲ್ಲಿ ನ್ಯಾಯಾಲಯಗಳು ಮತ್ತೆ ಮತ್ತೆ ಉಲ್ಲೇಖಿಸುವ ತೀರ್ಪೊಂದು ನಮ್ಮ ಮಂಗಳೂರಿನ ಪ್ರಕರಣದಲ್ಲಿಯೇ ಬಂದದ್ದು. ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪೆನಿಯ ಚಾಲ್ತಿ ಖಾತೆ ಕೆನರಾ ಬ್ಯಾಂಕಿನಲ್ಲಿತ್ತು. ಚೆಕ್ಕುಪುಸ್ತಕ ಇದ್ದುದು ಕಂಪೆನಿಯ ಲೆಕ್ಕಿಗನ ವಶದಲ್ಲಿ. ಆತ ಆಡಳಿತ ನಿರ್ದೇಶಕರ ಸಹಿಯನ್ನು ಖೋಟಾ ಮಾಡಿ ಹಣ ತೆಗೆಯುತ್ತಿದ್ದುದು 1961ರಲ್ಲಿ ಬೆಳಕಿಗೆ ಬಂತು. ಅದೂ ಒಂದು ಚೆಕ್ಕಿಗೂ ಅದರ ಕೌಂಟರ್‌ಫಾಯಿಲಿಗೂ ತಾಳೆಯಾಗದ್ದನ್ನು ಇನ್ನೊಬ್ಬ ನೌಕರ ಕಂಡದ್ದರಿಂದ. ಲೆಕ್ಕ ತೆಗೆದಾಗ ಅಂಥ ಚೆಕ್ಕುಗಳು 42, ಮೊತ್ತ 3.26 ಲಕ್ಷ ರೂಪಾಯಿಗೂ ಹೆಚ್ಚು. ತಾನು ಕಾಲಕಾಲಕ್ಕೆ ಪಾಸ್‌ಶೀಟು ಕಳುಹಿಸಿದ್ದರೂ ಕಂಪೆನಿ ಸುಮ್ಮನಿತ್ತು, ಆದ್ದರಿಂದ ತಪ್ಪು ಅದರದ್ದೇ ಎಂಬುದು ಬ್ಯಾಂಕಿನ ವಾದ. ಸುಪ್ರೀಂ ಕೋರ್ಟು 1987ರಲ್ಲಿ ಅದನ್ನು ಒಪ್ಪಲಿಲ್ಲ. ಖೋಟಾ ಸಹಿಯ ಚೆಕ್ಕು ಗ್ರಾಹಕನ ಆದೇಶವೇ ಅಲ್ಲ, ಆದೇಶವಿಲ್ಲದೆ ಕೊಟ್ಟ ಹಣವನ್ನು ಅವನ ಖಾತೆಗೆ ಖರ್ಚು ಹಾಕುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ಈ ತೀರ್ಪನ್ನು ನೆಚ್ಚಿಕೊಂಡು ನಿಶ್ಚಿಂತರಾಗುವುದು ಮಾತ್ರ ತರವಲ್ಲ. ಸಹಿ ನಿಮ್ಮದೇ ಆಗಿದ್ದು, ಮೊತ್ತವನ್ನೋ ಹೆಸರನ್ನೋ ಬೇರೊಬ್ಬ ತಿದ್ದಿದ್ದರೆ ಕಾನೂನಿನ ದಾರಿ ಬೇರೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 89ನೇ ಕಲಮಿನ ಪ್ರಕಾರ ತಿದ್ದುಪಡಿ ಮೇಲ್ನೋಟಕ್ಕೆ ಕಾಣದಂತಿದ್ದು, ಬ್ಯಾಂಕು ಕ್ರಮಬದ್ಧವಾಗಿ ಹಣ ಪಾವತಿ ಮಾಡಿದ್ದರೆ ಅದಕ್ಕೆ ರಕ್ಷಣೆಯುಂಟು. ಎಂದರೆ ಅಳಿಸಿ ಬರೆದದ್ದು ಕಣ್ಣಿಗೆ ಕಂಡರೆ ಬ್ಯಾಂಕು ಹೊಣೆ. ಕಾಣದಿದ್ದರೆ ನಷ್ಟ ನಿಮ್ಮ ಪಾಲಿಗೆ ಬರಬಹುದು. ತಿದ್ದುಪಡಿಯನ್ನು ಅಡಗಲು ಬಿಡದ ಕಾಗದದ ಬೆಲೆ ಇಲ್ಲಿ ತಿಳಿಯುತ್ತದೆ.

ಅಮೆರಿಕದಲ್ಲಿ ಕಂಪೆನಿಗಳು ಖಾಲಿ ಸುರಕ್ಷಾ ಕಾಗದವನ್ನು ಅಂಗಡಿಯಿಂದ ಕೊಂಡು ತಮ್ಮ ಕಚೇರಿಯಲ್ಲೇ ಚೆಕ್ಕು ಮುದ್ರಿಸಿಕೊಳ್ಳುವುದುಂಟು. ನಮ್ಮಲ್ಲಿ ಹಾಗಿಲ್ಲ. ಹಾಳೆ ಬ್ಯಾಂಕಿನಿಂದಲೇ ಬರಬೇಕು. ಅದನ್ನು ಮುದ್ರಿಸುವವರು ಕೆಲವೇ ಸುರಕ್ಷಾ ಮುದ್ರಕರು. ಅವರಲ್ಲೊಬ್ಬರು ನಮ್ಮ ಮಣಿಪಾಲದವರು. ನಿಮ್ಮ ಚೆಕ್ಕಿನ ಎಡ ಅಂಚಿನಲ್ಲಿ, ಹರಿಯುವ ರಂಧ್ರಗಳ ಪಕ್ಕದಲ್ಲಿ, ಅಡ್ಡಲಾಗಿ ಸಣ್ಣಕ್ಷರದಲ್ಲಿ ಮುದ್ರಕರ ಹೆಸರೂ ‘ಸಿಟಿಎಸ್-2010’ ಎಂಬ ಗುರುತೂ ಇರುತ್ತವೆ. 2010ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ನಿಗದಿಪಡಿಸಿದ ಮಾನದಂಡವಿದು. ಯಾವ ಬ್ಯಾಂಕಿನ ಚೆಕ್ಕಾದರೂ ಅದರ ಕೆಲವು ಲಕ್ಷಣಗಳು ಕಡ್ಡಾಯ.

ಹಾಳೆಯನ್ನು ಬೆಳಕಿಗೆ ಹಿಡಿದರೆ ‘ಸಿಟಿಎಸ್-ಇಂಡಿಯಾ’ ಎಂಬ ವಾಟರ್‌ಮಾರ್ಕ್ ಕಾಣುತ್ತದೆ. ಇದು ಮಸಿಯಲ್ಲಿ ಅಚ್ಚುಹಾಕಿದ್ದಲ್ಲ. ಕಾಗದ ಇನ್ನೂ ಹಸಿಯಾಗಿರುವಾಗಲೇ ಅದರ ನಾರುಗಳನ್ನು ಒಂದೆಡೆ ತೆಳುವಾಗಿ, ಒಂದೆಡೆ ದಟ್ಟವಾಗಿ ಒತ್ತಿ ಮೂಡಿಸಿದ್ದು. ಆದಕಾರಣ ಯಾವ ಪ್ರಿಂಟರಿಗೂ ಅದರ ನಕಲು ಸಾಧ್ಯವಿಲ್ಲ. ಎರಡನೆಯದು ನೇರಳಾತೀತ ಬೆಳಕಿನ ಪರೀಕ್ಷೆ. ನಾವು ಅಂಗಡಿಯಲ್ಲಿ ಕೊಳ್ಳುವ ಬಿಳಿ ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬೆರೆಸಿರುತ್ತಾರೆ; ಆ ದೀಪದ ಕೆಳಗೆ ಅದು ನೀಲಿಯಾಗಿ ಬೆಳಗುತ್ತದೆ. ಚೆಕ್ಕಿನ ಕಾಗದದಲ್ಲಿ ಅದಿಲ್ಲ. ಹಾಳೆ ಮಂಕಾಗಿಯೇ ಉಳಿದು ವಿಶೇಷ ಮಸಿಯಲ್ಲಿ ಮುದ್ರಿಸಿದ ಬ್ಯಾಂಕಿನ ಲಾಂಛನ ಮಾತ್ರ ಹೊಳೆಯುತ್ತದೆ. ಸಾಮಾನ್ಯ ಕಾಗದದ ಮೇಲೆ ಮುದ್ರಿಸಿದ ನಕಲಿ ಚೆಕ್ಕು ಇಲ್ಲಿಯೇ ಸಿಕ್ಕಿಬೀಳುತ್ತದೆ.

ಮೂರನೆಯದು ಅಡಗಿಸಿಟ್ಟ ಪದ. ಹಿನ್ನೆಲೆಯ ತಿಳಿಬಣ್ಣದ ವಿನ್ಯಾಸದಲ್ಲಿ ಬೇರೆಬೇರೆ ಗಾತ್ರದ ಚುಕ್ಕೆಗಳನ್ನು ಸೇರಿಸಿ ‘ಕಾಪಿ’ ಅಥವಾ ‘ವಾಯ್ಡ್’ ಎಂಬ ಇಂಗ್ಲಿಷ್ ಪದವನ್ನು ಹುದುಗಿಸಿರುತ್ತಾರೆ. ಬರಿಗಣ್ಣಿಗೆ ಎಲ್ಲವೂ ಒಂದೇ ಬಣ್ಣ. ಆದರೆ ನಕಲು ಯಂತ್ರ ದೊಡ್ಡ ಚುಕ್ಕೆಗಳನ್ನೂ ಸಣ್ಣ ಚುಕ್ಕೆಗಳನ್ನೂ ಒಂದೇ ರೀತಿ ಹಿಡಿಯಲಾರದು. ಜೆರಾಕ್ಸ್ ಪ್ರತಿಯಲ್ಲಿ ಪದ ಎದ್ದು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದದ ರಾಸಾಯನಿಕ ಗುಣ. ಆಮ್ಲ, ಕ್ಷಾರ, ಬ್ಲೀಚು ಅಥವಾ ಅಸಿಟೋನಿನಂಥ ದ್ರಾವಕ ತಗುಲಿದರೆ ಹಾಳೆ ಕಲೆಗಟ್ಟುವಂತೆ ಅದನ್ನು ತಯಾರಿಸಿರುತ್ತಾರೆ. ಚೆಕ್ಕನ್ನು ‘ತೊಳೆಯುವ’ ವಂಚಕ ಸಹಿಯನ್ನು ಉಳಿಸಿಕೊಂಡು ಹೆಸರು ಮತ್ತು ಮೊತ್ತವನ್ನಷ್ಟೇ ಕರಗಿಸಲು ನೋಡುತ್ತಾನೆ. ಕಲೆ ಎದ್ದರೆ ತಿದ್ದುಪಡಿ ಮೇಲ್ನೋಟಕ್ಕೆ ಕಾಣುವಂಥದ್ದಾಗುತ್ತದೆ; ಮೇಲೆ ಹೇಳಿದ 89ನೇ ಕಲಮಿನ ರಕ್ಷಣೆ ಆಗ ಬ್ಯಾಂಕಿಗೆ ಸಿಗಲಾರದು.

ಆದರೆ ಈ ಕಾವಲನ್ನು ಸೋಲಿಸುವ ಸುಲಭ ಉಪಾಯವೂ ಇದೆ. ಬಿಸಿ ತಾಗಿದರೆ ಮಾಯವಾಗುವ ಮಸಿಯ ಪೆನ್ನುಗಳು ಈಗ ಪೇಟೆಯಲ್ಲಿ ಸಿಗುತ್ತವೆ. ಸಾಲ ಕೊಡಿಸುವವನೆಂದು ಬಂದವನು ತನ್ನದೇ ಪೆನ್ನು ನೀಡಿ ಚೆಕ್ಕು ಬರೆಸುತ್ತಾನೆ, ಸಹಿಗೆ ಮಾತ್ರ ಬೇರೆ ಪೆನ್ನು. ಬಳಿಕ ದ್ರಾವಕವೇ ಇಲ್ಲದೆ, ಕಲೆಯೇ ಇಲ್ಲದೆ ಅಕ್ಷರ ಅಳಿಯುತ್ತದೆ. ಆದ್ದರಿಂದ ಚೆಕ್ಕು ಬರೆಯಲು ಸ್ವಂತ ಪೆನ್ನೇ ಆಗಬೇಕು. ಬಾಲ್‌ಪೆನ್ನಿನ ಮಸಿ ದ್ರಾವಕಕ್ಕೆ ಕರಗುವ ಬಣ್ಣ. ವರ್ಣಕಣಗಳುಳ್ಳ ಜೆಲ್ ಮಸಿ ನಾರಿನೊಳಗೆ ಕೂರುವುದರಿಂದ ಅದು ಉತ್ತಮ. ಕಂಪ್ಯೂಟರಿನಲ್ಲಿ ಚೆಕ್ಕು ತುಂಬುವ ಕಚೇರಿಗಳೂ ಯೋಚಿಸಬೇಕು: ಲೇಸರ್ ಪ್ರಿಂಟರಿನ ಪುಡಿ ಕಾಗದದ ಮೇಲ್ಮೈಯಲ್ಲಿ ಅಂಟಿಕೊಂಡಿರುತ್ತದೆ, ಕೆರೆದು ತೆಗೆಯುವುದು ಅಸಾಧ್ಯವೇನಲ್ಲ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರ ರಿಬ್ಬನಿನ ಮಸಿಯನ್ನು ಕಾಗದಕ್ಕೆ ಹೊಡೆದು ಗುಳಿ ಬೀಳಿಸುತ್ತದೆ. ಕರ್ಕಶ ಶಬ್ದದ ಆ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಇದು ನೆನಪಿರಲಿ.

ಇಷ್ಟಾದರೂ ಕಾಗದಕ್ಕೆ ಒಂದು ದೊಡ್ಡ ಮಿತಿಯಿದೆ. ಚೆಕ್ಕು ಈಗ ಊರಿಂದೂರಿಗೆ ಪ್ರಯಾಣ ಮಾಡುವುದೇ ಇಲ್ಲ. 2008ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಆರಂಭವಾದ ಟ್ರಂಕೇಷನ್ ಪದ್ಧತಿಯಲ್ಲಿ ಚೆಕ್ಕು ಕಟ್ಟಿಸಿಕೊಂಡ ಬ್ಯಾಂಕಿನಲ್ಲೇ ಉಳಿಯುತ್ತದೆ. ಹಣ ಕೊಡಬೇಕಾದ ಬ್ಯಾಂಕಿಗೆ ಹೋಗುವುದು ಅದರ ಚಿತ್ರ ಮಾತ್ರ. ಚಿತ್ರದಲ್ಲಿ ವಾಟರ್‌ಮಾರ್ಕ್ ಇಲ್ಲ, ಹೊಳೆಯುವ ಲಾಂಛನವಿಲ್ಲ. ಆದ್ದರಿಂದಲೇ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯು ಮೇಲ್ನೋಟಕ್ಕೆ ಕಾಣುವ ವಂಚನೆಯನ್ನು ಪರಿಶೀಲಿಸುವ ಹೊಣೆಯನ್ನು ಚೆಕ್ಕು ಸ್ವೀಕರಿಸಿದ ಬ್ಯಾಂಕಿನ ಮೇಲೆ ಹೊರಿಸಿತು. ಸಂಶಯ ಬಂದರೆ ಮೂಲ ಹಾಳೆಯನ್ನೇ ತರಿಸಿ ನೋಡುವ ಹಕ್ಕು ಪಾವತಿ ಬ್ಯಾಂಕಿಗಿದೆ. ಆದರೆ ಸಮಯವೆಲ್ಲಿ? 2025ರ ಅಕ್ಟೋಬರ್ 4ರಿಂದ ಜಾರಿಯಾದ ನಿರಂತರ ಕ್ಲಿಯರಿಂಗಿನ ಮೊದಲ ಹಂತದಲ್ಲಿ, ಅಂದು ಬಂದ ಚೆಕ್ಕಿಗೆ ಸಂಜೆ 7ರೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ಭಾವಿಸಲಾಗುತ್ತದೆ.

ನಿಜವಾದ ಹಾಳೆ ನಿಮ್ಮ ಕಪಾಟಿನಲ್ಲಿರುವಾಗಲೇ ಅದೇ ಸಂಖ್ಯೆಯ ನಕಲಿ ಚೆಕ್ಕು ಹಣ ಪಡೆಯುವುದೂ ಉಂಟು. 2020ರ ಸೆಪ್ಟೆಂಬರಿನಲ್ಲಿ ಅಯೋಧ್ಯೆಯ ರಾಮಮಂದಿರ ಟ್ರಸ್ಟಿನ ಖಾತೆಯಿಂದ ಇಂಥ ಎರಡು ಚೆಕ್ಕುಗಳ ಮೂಲಕ 6 ಲಕ್ಷ ರೂಪಾಯಿ ಹೋಯಿತು. ಮೂರನೆಯದು 9.86 ಲಕ್ಷದ್ದು, ಬ್ಯಾಂಕಿನವರು ಟ್ರಸ್ಟಿಗೆ ದೂರವಾಣಿ ಮಾಡಿ ಕೇಳಿದ್ದರಿಂದ ಮೋಸ ಬಯಲಾಯಿತು.

ಆ ದೂರವಾಣಿ ಕರೆಯ ಕೆಲಸವನ್ನೇ 2021ರ ಜನವರಿ 1ರಿಂದ ‘ಪಾಸಿಟಿವ್ ಪೇ’ ಎಂಬ ವ್ಯವಸ್ಥೆ ಮಾಡುತ್ತಿದೆ. ಚೆಕ್ಕು ಕೊಟ್ಟವನು ಅದರ ಸಂಖ್ಯೆ, ತಾರೀಕು, ಹೆಸರು, ಮೊತ್ತ ಮುಂತಾದ ವಿವರಗಳನ್ನು ಆ್ಯಪ್, ಎಸ್ಸೆಮ್ಮೆಸ್ ಅಥವಾ ಇಂಟರ್ನೆಟ್ ಬ್ಯಾಂಕಿಂಗ್ ಮೂಲಕ ಮುಂಚಿತವಾಗಿ ತಿಳಿಸುತ್ತಾನೆ. ಬಂದ ಚೆಕ್ಕು ಅದಕ್ಕೆ ತಾಳೆಯಾಗದಿದ್ದರೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. 50,000 ರೂಪಾಯಿ ಹಾಗೂ ಅದಕ್ಕೂ ಮೇಲಿನ ಚೆಕ್ಕಿಗೆ ಈ ಸೌಲಭ್ಯವುಂಟು. 5 ಲಕ್ಷ ಹಾಗೂ ಹೆಚ್ಚಿನದಕ್ಕೆ ಹಲವು ಬ್ಯಾಂಕುಗಳು ಕಡ್ಡಾಯಗೊಳಿಸಿವೆ. ವಿವರ ಕೊಡುವುದು ರೇಜಿಗೆಯೆಂದು ಗೊಣಗುವವರು ಒಂದು ವಿಷಯ ತಿಳಿದಿರಬೇಕು: ವಿವಾದವೆದ್ದಾಗ ಕ್ಲಿಯರಿಂಗ್ ವ್ಯವಸ್ಥೆಯ ಪರಿಹಾರ ಕ್ರಮಕ್ಕೆ ಒಳಪಡುವುದು ಈ ನಿಯಮ ಪಾಲಿಸಿದ ಚೆಕ್ಕು ಮಾತ್ರ.

ನಕಲಿ ಮಾಡುವವನಿಗೆ ಮಾದರಿ ಎಲ್ಲಿಂದ ದೊರೆಯುತ್ತದೆ? ಅನೇಕ ಸಲ ನಾವೇ ಕೊಡುತ್ತೇವೆ. ದಾಖಲೆಗೆಂದು ಹತ್ತು ಕಡೆ ‘ಕ್ಯಾನ್ಸಲ್ಡ್’ ಎಂದು ಗೀಟು ಎಳೆದ ಚೆಕ್ಕು ಹಂಚುತ್ತೇವೆ. ಖಾತೆಯ ಸಂಖ್ಯೆ, ಕೆಳಗಿನ ಪಟ್ಟಿಯ ಕಾಂತೀಯ ಅಂಕಿಗಳು ಎಲ್ಲವೂ ಅದರಲ್ಲಿವೆ. ಕೆಲವರು ಅದಕ್ಕೆ ಸಹಿಯನ್ನೂ ಹಾಕಿಕೊಡುತ್ತಾರೆ. ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಹೊಸ ಚೆಕ್ಕುಪುಸ್ತಕ ಕೈಸೇರಿದೊಡನೆ ಹಾಳೆಗಳನ್ನು ಎಣಿಸಬೇಕು. ಕದಿಯುವವನು ಮೇಲಿನ ಹಾಳೆಯನ್ನು ಮುಟ್ಟದೆ ನಡುವಿನಿಂದಲೋ ಕೊನೆಯಿಂದಲೋ ಹರಿಯುತ್ತಾನೆ. ಪುಸ್ತಕ ಒಬ್ಬರ ಬಳಿ, ಲೆಕ್ಕ ತಾಳೆ ನೋಡುವ ಕೆಲಸ ಇನ್ನೊಬ್ಬರ ಬಳಿ ಇರಬೇಕು. ಮಂಗಳೂರಿನ ಆ ಕಂಪೆನಿಯಲ್ಲಿ 42 ಚೆಕ್ಕುಗಳು ಹೋದ ಮೇಲೆ ಕಳ್ಳತನ ಹಿಡಿದದ್ದು ಕೌಂಟರ್‌ಫಾಯಿಲ್ ನೋಡಿದ ಎರಡನೆಯ ಕಣ್ಣೇ ಹೊರತು ಬ್ಯಾಂಕಲ್ಲ.