ಹೊಲಕ್ಕೆ ಬರೋದು ಯಾರು, ಯಾವಾಗ?

ಎರಡು ಸಲ ಬಿತ್ತಿದ ಹತ್ತಿಯನ್ನು ಮೂರನೇ ಸಲವೂ ಬಿತ್ತಬೇಕೆಂದರೆ ಬೀಜದ ರೊಕ್ಕ ಎಲ್ಲಿಂದ ತರೋದು? ಯರಗೇರಾ ಸುತ್ತಿನ ಒಣಬೇಸಾಯದ ರೈತರಿಗೆ ಈ ಚಿಂತೆ ಹೊಸದಲ್ಲ. ಹತ್ತಿ, ತೊಗರಿ ಎರಡೆಲೆ ಬಿಡುವ ಹೊತ್ತಿಗೆ ಜಿಂಕೆ ಹಿಂಡು ಹಾಜರು. ಪುಸ್ತಕದಲ್ಲಿ ಇದು ಕೃಷ್ಣಮೃಗ, ಜನರ ಬಾಯಲ್ಲಿ ಜಿಂಕಿ, ಚಿಗರಿ. ದಟ್ಟ ಕಾಡಿನ ಪ್ರಾಣಿ ಅಲ್ಲ, ಬಯಲಿನದು. ಹಾಗಾಗಿ ನಮ್ಮ ಬೀಳು, ನಮ್ಮ ಹೊಲವೇ ಅದರ ಮನೆ.

ನಾನೂ ಎರಡು ವರ್ಷ ರಾತ್ರಿ ಕಾವಲು ಕಾದವನೇ. ಬ್ಯಾಟರಿ, ತಗಡಿನ ಡಬ್ಬಿ ಹಿಡಿದು ನಾಲ್ಕು ಗಂಟೆ ತನಕ ಕೂತು, ಇನ್ನೇನು ಬೆಳಗಾತು ಅಂತ ಮನೆಗೆ ಬಂದು ಮಲಗುತ್ತಿದ್ದೆ. ಎದ್ದು ಹೋಗಿ ನೋಡಿದರೆ ಸಾಲು ಬೋಳು. ಕಡೆಗೆ ಕಾಡುಪ್ರಾಣಿಗಳ ಚಿತ್ರ ತಾನಾಗೇ ತೆಗೆಯುವ ಕ್ಯಾಮೆರಾ ಒಂದನ್ನು ತಂದು ಒಡ್ಡಿನ ಮೇಲೆ ಕಟ್ಟಿದೆ. ಹತ್ತು ದಿನ ಬಿಟ್ಟು ನೋಡಿದರೆ, ಜಿಂಕೆ ಬಂದದ್ದು ಹೆಚ್ಚಾಗಿ ನಸುಕಿನ ಐದೂವರೆಯಿಂದ ಏಳರೊಳಗೆ. ರಾತ್ರಿ ಬಂದದ್ದು ಹಂದಿ, ಅದೂ ಬಿತ್ತಿದ ಶೇಂಗಾ ಕೆದಕೋಕೆ. ಕಾವಲು ಇದ್ದಾಗ ಜಿಂಕೆ ಇಲ್ಲ, ಜಿಂಕೆ ಬಂದಾಗ ಕಾವಲು ಇಲ್ಲ!

ಕೆಲಸ ಮಾಡೋದು ಹೇಗೆ?

ಸುತ್ತಲಿನ ಬಿಸಿಗಿಂತ ಬೇರೆ ಬಿಸಿಯ ಮೈ ಮುಂದೆ ಹಾದರೆ ಕ್ಯಾಮೆರಾಕ್ಕೆ ಅರಿವಾಗಿ ಚಿತ್ರ ತೆಗೆಯುತ್ತದೆ. ಕತ್ತಲಲ್ಲಿ ಕಣ್ಣಿಗೆ ಕಾಣದ ಬೆಳಕು ಬಳಸುತ್ತದೆ. ಪ್ರತಿ ಚಿತ್ರದ ಅಡಿ ತಾರೀಖು, ವೇಳೆ ಇರುತ್ತದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿ ಲೆಕ್ಕಕ್ಕೆ ಬಳಸಿದ್ದು ಇಂಥದೇ ಉಪಾಯ.

ರಾಯಚೂರು ಬಿಸಿಲಿನವರು ಒಂದು ಮಾತು ನೆನಪಿಡಬೇಕು. ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟಿದಾಗ ನೆಲದ ಬಿಸಿ, ಪ್ರಾಣಿಯ ಮೈಬಿಸಿ ಹೆಚ್ಚುಕಡಿಮೆ ಒಂದೇ. ಆಗ ಎದುರಿಗೇ ಹಾದರೂ ಕ್ಯಾಮೆರಾ ತಪ್ಪಿಸಿಕೊಳ್ಳಬಹುದು. ಚಿತ್ರ ಇಲ್ಲ ಅಂದ ಮಾತ್ರಕ್ಕೆ ಪ್ರಾಣಿ ಬಂದಿಲ್ಲ ಅಂತಲ್ಲ.

ಕಟ್ಟುವಾಗ

* ಹೆಜ್ಜೆ, ಹಿಕ್ಕೆ ಕಂಡ ಜಾಗ ಹುಡುಕಿ. ಗಂಡು ಜಿಂಕೆ ಒಂದೇ ಕಡೆ ಹಿಕ್ಕೆ ಗುಡ್ಡೆ ಹಾಕುತ್ತದೆ.
* ನೆಲದಿಂದ ಎರಡೂವರೆ ಅಡಿ ಎತ್ತರ ಸಾಕು. ಗಿಡ ಇಲ್ಲದಿದ್ದರೆ ಗೂಟ ಹುಗಿದು ಕಟ್ಟಿ.
* ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಪೂರ್ವ, ಪಶ್ಚಿಮಕ್ಕಿದ್ದರೆ ಹೊತ್ತು ಹುಟ್ಟುವಾಗ, ಮುಳುಗುವಾಗ ಚಿತ್ರ ಬೆಳ್ಳಗಾಗುತ್ತದೆ.
* ಮುಂದಿನ ಹುಲ್ಲು ಕಿತ್ತುಹಾಕಿ. ಗಾಳಿಗೆ ಹುಲ್ಲು ಅಲ್ಲಾಡಿದರೆ ಬರೀ ಹುಲ್ಲಿನ ಚಿತ್ರ ತುಂಬುತ್ತವೆ.
* ಜನ, ಮುಖ್ಯವಾಗಿ ಹೆಣ್ಣುಮಕ್ಕಳು ಓಡಾಡುವ ಕಡೆಗೆ ಮುಖ ಮಾಡಲೇಬೇಡಿ.

ಎಣಿಕೆಯಲ್ಲಿ ಮೋಸ

ನನಗೂ ಮೊದಲು ಹೀಗೇ ಆಯಿತು. ಅರವತ್ತು ಚಿತ್ರ ನೋಡಿ ಅರವತ್ತು ಜಿಂಕೆ ಅಂದುಕೊಂಡೆ. ಬಂದವೇ ಮತ್ತೆ ಮತ್ತೆ ಬರುತ್ತವೆ. ಹುಲಿಯ ಪಟ್ಟೆಯಿಂದ ಒಂದೊಂದನ್ನೂ ಗುರುತಿಸಬಹುದು, ಜಿಂಕೆಗೆ ಆ ಪಟ್ಟೆ ಇಲ್ಲ. ಆದ್ದರಿಂದ ಒಂದೇ ಚಿತ್ರದಲ್ಲಿ ಅತಿ ಹೆಚ್ಚು ಎಷ್ಟು ಕಂಡವು ಅನ್ನೋದನ್ನು ಹಿಡಿಯಿರಿ. ಹಿಂಡು ಕಡಿಮೆಯೆಂದರೆ ಅಷ್ಟಿದೆ. ಕರಿ ಬೆನ್ನು, ತಿರುಚಿದ ಕೊಂಬಿನದು ಬಲಿತ ಗಂಡು. ಕಂದು ಬಣ್ಣದ್ದು ಹೆಣ್ಣು ಇಲ್ಲವೇ ಎಳೆಯದು.

ಬೇಟೆಗಲ್ಲ, ಕಾವಲಿಗೆ

ಅಮೆರಿಕದಲ್ಲಿ ಜಮೀನಿನ ಒಡೆಯರು ಇದೇ ಕ್ಯಾಮೆರಾ ನೋಡಿ, ಈ ವರ್ಷ ಯಾವ ಜಿಂಕೆ ಹೊಡೆಯಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುತ್ತಾರೆ. ಅಲ್ಲಿ ಪರವಾನಗಿ ಮೇಲೆ ಬೇಟೆಯುಂಟು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗ ಇದೆ. ಕೊಂದರೆ 3ರಿಂದ 7 ವರ್ಷ ಜೈಲು. ಬೇಲಿಗೆ ನೇರ ಕರೆಂಟ್ ಕೊಡೋದಂತೂ ಬೇಡವೇ ಬೇಡ. ಜಿಂಕೆಗಿಂತ ಮೊದಲು ನಿಮ್ಮ ಮನೆಯವರೋ ಪಕ್ಕದ ಹೊಲದವರೋ ಅದಕ್ಕೆ ಸಿಗಬಹುದು.

ಹಾಗಾದರೆ ಏನು ಮಾಡೋದು? ನಾನು ಕಾವಲಿನ ಹೊತ್ತು ಬದಲಿಸಿದೆ. ರಾತ್ರಿ ನಿದ್ದೆ, ನಸುಕಿನ ಐದಕ್ಕೆ ಹೊಲ. ಜಿಂಕೆ ದೂರದವರೆಗೆ ಕಣ್ಣು ಹಾಯಿಸಿಕೊಂಡು ಬದುಕುವ ಪ್ರಾಣಿ. ಅದು ಹಾಯುವ ಒಡ್ಡಿಗೆ ಹಳೆ ಸೀರೆ ಕಟ್ಟಿ ಮರೆ ಮಾಡಿದೆ. ಸ್ವಲ್ಪ ದಿನಕ್ಕೆ ರೂಢಿಯಾಗುತ್ತದೆ, ಖರೆ. ಆದರೆ ಸಸಿ ಗಟ್ಟಿಯಾಗುವ ತನಕ ತಳ್ಳಿದರೆ ಅರ್ಧ ಗೆದ್ದಂತೆ. ಹಂದಿ ಬರುವ ಶೇಂಗಾ ಮೂಲೆಗಷ್ಟೇ ರಾತ್ರಿ ದೀಪ ಇಟ್ಟೆ. ಇನ್ನೊಂದು, ಅಕ್ಕಪಕ್ಕದವರು ಕೂಡಿ ಒಂದೇ ವಾರದಲ್ಲಿ ಬಿತ್ತಬೇಕು. ಒಬ್ಬನೇ ಮುಂಚೆ ಬಿತ್ತಿದರೆ ಇಡೀ ಹಿಂಡಿಗೆ ಅವನ ಹೊಲವೊಂದೇ ಹಸಿರು.

ಕ್ಯಾಮೆರಾ ಬೆಳೆ ಕಾಯುವುದಿಲ್ಲ, ಕಾಯುವ ಹೊತ್ತು ಹೇಳುತ್ತದೆ ಅಷ್ಟೇ. ಸಸಿಯ ಮೂರು-ನಾಲ್ಕು ವಾರ ಬಿಟ್ಟರೆ ಇದರ ಕೆಲಸ ಕಡಿಮೆ, ಆದ್ದರಿಂದ ನಾಲ್ಕು ಜನ ಕೂಡಿ ಒಂದು ಕೊಂಡರೆ ಸಾಕು. ಅರಣ್ಯ ಇಲಾಖೆಗೆ ಬೆಳೆಹಾನಿ ಅರ್ಜಿ ಕೊಡುವಾಗ ತಾರೀಖು ಇರುವ ಚಿತ್ರ ಜೊತೆಗಿಟ್ಟರೆ ಮಾತಿಗೆ ತೂಕ ಬರುತ್ತದೆ. ಬೇಲಿಗೆ ಸಾಲ ಮಾಡುವ ಮೊದಲು ಬರೋದು ಯಾರು ಅಂತ ತಿಳಕೊಳ್ಳಿ. ನಿಮ್ಮ ಹೊಲಕ್ಕೆ ಯಾವ ಹೊತ್ತಿನಲ್ಲಿ ಯಾರು ಬಂದರು, ಯಾವ ಉಪಾಯ ನಡೆಯಿತು, ಪತ್ರಿಕೆಗೆ ಬರೆದು ತಿಳಿಸಿ.