ತಿರುವಿನ ಬಳಿ ಕುಳಿತು ನೋಡಬೇಕಾದ ಯಂತ್ರ

ರೇಸ್ ಕಾರನ್ನು ಕುರಿತು ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದು ಗಂಟೆಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದಾದರೂ, ಆ ಯಂತ್ರವನ್ನು ರೂಪಿಸುವವರ ನಿದ್ದೆಗೆಡಿಸುವ ಪ್ರಶ್ನೆ ಬೇರೆ. ಅಷ್ಟು ವೇಗದಲ್ಲಿರುವ ವಾಹನವನ್ನು ಟ್ರ್ಯಾಕಿನಾಚೆಗೆ ಸಿಡಿದುಹೋಗದಂತೆ ತಿರುಗಿಸುವುದು ಹೇಗೆ ಎಂಬುದೇ ಅದು. ನೇರ ದಾರಿಯಲ್ಲಿ ವೇಗ ಗಳಿಸುವ ಕೆಲಸವನ್ನು ಬಲಿಷ್ಠ ಎಂಜಿನ್ ಬಹುಮಟ್ಟಿಗೆ ತಾನೇ ನಿಭಾಯಿಸುತ್ತದೆ, ಆದರೆ ತಿರುವು ಬಂದಾಗ ಟೈರು, ಗಾಳಿ, ನೆಲದ ಓರೆ ಇವು ಮೂರೂ ಒಟ್ಟಾಗಿ ದುಡಿಯಬೇಕಾಗುತ್ತದೆ. ಹೀಗಿದ್ದರೂ ರೇಸು ನೋಡಲು ಹೋಗುವವರಲ್ಲಿ ಬಹಳ ಮಂದಿ ಆರಂಭದ ಗೆರೆಯೆದುರಿನ, ಎಲ್ಲಕ್ಕಿಂತ ದುಬಾರಿಯಾದ ಆಸನವನ್ನೇ ಬಯಸುತ್ತಾರೆ. ಯಂತ್ರವನ್ನು ಅರಿಯಬೇಕೆನ್ನುವವರಿಗೆ ಅದು ಅಷ್ಟೇನೂ ಒಳ್ಳೆಯ ಜಾಗವಲ್ಲ.

ಈ ಬಯಕೆಯ ಹಿಂದೆ ಹಳೆಯ ಓಟಗಳ ನೆನಪು ಇರಬಹುದು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗೊಬ್ಬೂರ ಮತ್ತು ಅದರ ಸುತ್ತಲಿನ ಎರೆಭೂಮಿಯ ಸೀಮೆಯಲ್ಲಿ ಓಟವೆಂದರೆ ಮೊದಲು ನೆನಪಾಗುವುದು ಕಾರಹುಣ್ಣಿಮೆಯ ಕರಿ ಹರಿಯುವ ಆಚರಣೆ. ಸಿಂಗರಿಸಿದ ಎತ್ತುಗಳು ಅಗಸಿಯತ್ತ ಓಡಿಬಂದು, ಅಡ್ಡಲಾಗಿ ಕಟ್ಟಿದ ಕರಿಯನ್ನು ಯಾವ ಬಣ್ಣದ ಎತ್ತು ಮೊದಲು ಹರಿಯಿತೋ ಅದರ ಮೇಲೆ ಆ ವರ್ಷ ಯಾವ ಬೆಳೆ ಕೈಹಿಡಿದೀತೆಂದು ಹಿರಿಯರು ಲೆಕ್ಕ ಹಾಕುತ್ತಾರೆ. ಅಂಥ ಓಟ ನೇರವಾದುದು, ಕ್ಷಣಾರ್ಧದಲ್ಲಿ ಮುಗಿಯುವಂಥದು, ಅದರ ಸಾರವೆಲ್ಲ ಕೊನೆಯ ಗೆರೆಯಲ್ಲಿಯೇ ಇರುವುದರಿಂದ ಜನ ಅಗಸಿಯ ಬಳಿ ನೆರೆಯುವುದು ಸರಿಯೇ. ಕಾರು ರೇಸು ಹಾಗಲ್ಲ. ಅದು ಒಂದೇ ಸುತ್ತುದಾರಿಯನ್ನು ಹತ್ತಾರು ಬಾರಿ, ಕೆಲವೆಡೆ ನೂರಾರು ಬಾರಿ ಸುತ್ತುವ ಓಟವಾಗಿದೆ.

ಇಂಥ ಸುತ್ತುದಾರಿಗಳಲ್ಲೊಂದಾದ ಸ್ಪೀಡ್‌ವೇ ಎಂದರೆ ರೇಸಿಗೆಂದೇ ಕಟ್ಟಿದ, ಸಾಮಾನ್ಯವಾಗಿ ಮೊಟ್ಟೆಯಾಕಾರದ, ತಿರುವುಗಳಲ್ಲಿ ನೆಲವನ್ನು ಓರೆಯಾಗಿ ಎತ್ತರಿಸಿದ ಟ್ರ್ಯಾಕು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ 1907ರಲ್ಲಿಯೂ ಅಮೆರಿಕದ ಇಂಡಿಯಾನಾಪೊಲಿಸ್ ಸ್ಪೀಡ್‌ವೇ 1909ರಲ್ಲಿಯೂ ತೆರೆದವು. ಭಾರತದಲ್ಲಿ ಈ ಕ್ರೀಡೆ ಬೆಳೆದ ದಾರಿ ಬೇರೆಯಾಗಿದ್ದು, ಚೆನ್ನೈ ಬಳಿಯ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯೇ ದಶಕಗಳ ಕಾಲ ರೇಸಿನ ಅಂಗಳವಾಗಿತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಇರುಂಗಾಟ್ಟುಕೋಟೈಯಲ್ಲಿ ಕಟ್ಟಿದ 3.7 ಕಿ.ಮೀ. ಉದ್ದದ ಟ್ರ್ಯಾಕು 1990ರಲ್ಲಿ ಆರಂಭವಾಯಿತು. ಕೊಯಮತ್ತೂರಿನ ಹತ್ತಿರವಿರುವ ಕರಿ ಮೋಟಾರ್ ಸ್ಪೀಡ್‌ವೇಯ ಹೆಸರಿನಲ್ಲಿ ಸ್ಪೀಡ್‌ವೇ ಎಂದಿದ್ದರೂ ಅದು ಮೊಟ್ಟೆಯಾಕಾರದ್ದಲ್ಲ, ಎಡಬಲಕ್ಕೆ ಹೊರಳುವ ಸುಮಾರು 2 ಕಿ.ಮೀ. ಉದ್ದದ ಟ್ರ್ಯಾಕು. ಆ ಹೆಸರಿನಲ್ಲಿರುವ ‘ಕರಿ’ ಕಾರಹುಣ್ಣಿಮೆಯ ಕರಿಯಲ್ಲ, ಕಾರು ವಿನ್ಯಾಸಕಾರ ಎಸ್. ಕರಿವರ್ಧನ್ ಅವರ ನೆನಪು. ಕರ್ನಾಟಕದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿಗಳು ಹೆಸರು ಮಾಡಿವೆಯಾದರೂ ಅಲ್ಲಿ ಕಾರುಗಳು ಒಂದರ ಹಿಂದೊಂದು ಸಮಯದ ಅಂತರದಲ್ಲಿ ಹೊರಡುವುದರಿಂದ ಅದು ಬೇರೆಯೇ ಬಗೆಯ ನೋಟ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸನ್ನು ಗೆದ್ದುದು ಪಟ್ಟಣದ ಇಕ್ಕಟ್ಟಾದ ಬೀದಿಗಳಲ್ಲಿ, ಅಂದರೆ ತಿರುವುಗಳೇ ತುಂಬಿರುವ ದಾರಿಯಲ್ಲಿ.

ಪ್ರೇಕ್ಷಕನಿಗೆ ದೊಡ್ಡ ಟ್ರ್ಯಾಕಿನಲ್ಲಿ ನಿಜವಾಗಿ ಎಷ್ಟು ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ಸ್ವಲ್ಪ ನಿರಾಶೆಯಾಗುತ್ತದೆ. ದೆಹಲಿಯ ಸಮೀಪದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ 2011ರ ಅಕ್ಟೋಬರ್ 30ರಂದು ನಡೆದ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ ಒನ್ ರೇಸಿನಲ್ಲಿ ಕಾರುಗಳು 5.125 ಕಿ.ಮೀ. ಉದ್ದದ ಟ್ರ್ಯಾಕನ್ನು 60 ಸುತ್ತು ಹಾಕಿದವು, ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ನೇರ ದಾರಿಯ ಎದುರು ಕುಳಿತವನಿಗೆ 300 ಮೀಟರ್ ದಾರಿ ಕಾಣುತ್ತದೆ, ಕಾರು ಅಲ್ಲಿ ಗಂಟೆಗೆ 300 ಕಿ.ಮೀ. ವೇಗದಲ್ಲಿರುತ್ತದೆ ಎಂದಿಟ್ಟುಕೊಂಡರೆ, ಒಂದು ಸುತ್ತಿನಲ್ಲಿ ಒಂದು ಕಾರು ಕಣ್ಣಿಗೆ ಬೀಳುವುದು 3.6 ಸೆಕೆಂಡು ಮಾತ್ರ, ಒಂದೂವರೆ ಗಂಟೆಯ ಇಡೀ ರೇಸಿನಲ್ಲಿ ಮೂರೂವರೆ ನಿಮಿಷದಷ್ಟು. ಅದೂ ಬಣ್ಣದ ಒಂದು ಎಳೆ ಹಾದುಹೋದಂತೆ! ತಿರುವಿನ ಬಳಿಯಾದರೆ ಅದೇ ಕಾರು ವೇಗ ತಗ್ಗಿಸಿ, ಮೈ ತೋರಿಸಿ, ಮತ್ತೆ ಚಿಮ್ಮುವುದನ್ನು ನಿಧಾನವಾಗಿ ಗಮನಿಸಬಹುದು.

ತಿರುವಿನಲ್ಲಿ ನಡೆಯುವುದೇನು ಎಂಬುದನ್ನು ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ಚೆನ್ನಾಗಿ ತೋರಿಸುತ್ತದೆ. ಕವಣೆಯ ಕಲ್ಲು ವೃತ್ತದಲ್ಲಿ ಸುತ್ತುವುದು ಹುರಿ ಅದನ್ನು ಕ್ಷಣಕ್ಷಣವೂ ಒಳಮುಖವಾಗಿ ಎಳೆಯುತ್ತಿರುವವರೆಗೆ ಮಾತ್ರ. ಹುರಿ ಬಿಟ್ಟೊಡನೆ ಕಲ್ಲು ಆ ಕ್ಷಣ ತಾನು ಸಾಗುತ್ತಿದ್ದ ದಿಕ್ಕಿನಲ್ಲಿ ನೇರವಾಗಿ ಹಾರುತ್ತದೆ. ಈ ಒಳಸೆಳೆತವನ್ನು ಭೌತಶಾಸ್ತ್ರದಲ್ಲಿ ಕೇಂದ್ರಾಭಿಮುಖ ಬಲ ಎನ್ನುತ್ತಾರೆ, ವೇಗ ಇಮ್ಮಡಿಯಾದರೆ ಬೇಕಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಕಾರಿಗೆ ಹುರಿಯಿಲ್ಲ, ಆದ್ದರಿಂದ ಟೈರು ಮತ್ತು ನೆಲದ ನಡುವಿನ ಘರ್ಷಣೆಯೇ ಹುರಿಯ ಕೆಲಸ ಮಾಡಬೇಕು. ಆ ಘರ್ಷಣೆಗೆ ನೆರವಾಗಲೆಂದು ತಿರುವಿನ ಹೊರ ಅಂಚನ್ನು ಎತ್ತರಿಸುತ್ತಾರೆ. ಸೊಲ್ಲಾಪುರದಿಂದ ಗಾಣಗಾಪುರ ರೋಡ್, ಕಲಬುರಗಿ ಮೂಲಕ ವಾಡಿಗೆ ಹೋಗುವ ರೈಲು ಮಾರ್ಗದ ತಿರುವುಗಳಲ್ಲಿ ಹೊರಗಿನ ಹಳಿ ಒಳಗಿನ ಹಳಿಗಿಂತ ತುಸು ಮೇಲಿರುವುದೂ ಇದೇ ಕಾರಣಕ್ಕೆ; ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಈ ಎತ್ತರಕ್ಕೆ 165 ಮಿ.ಮೀ.ಗಳ ಮಿತಿಯಿದೆ.

ಇಂಡಿಯಾನಾಪೊಲಿಸ್ ಟ್ರ್ಯಾಕಿನ ತಿರುವುಗಳು ಸುಮಾರು 9 ಡಿಗ್ರಿಗಳಷ್ಟು ಓರೆಯಾಗಿವೆ, ಅವುಗಳ ತ್ರಿಜ್ಯ ಸುಮಾರು 256 ಮೀಟರ್. ಘರ್ಷಣೆಯೇ ಇಲ್ಲದ, ಎಣ್ಣೆ ಸುರಿದಂಥ ನೆಲವೆಂದು ಭಾವಿಸಿ ಲೆಕ್ಕ ಹಾಕಿದರೆ, ಅಷ್ಟು ಓರೆ ತಾನೊಂದೇ ತಿರುಗಿಸಬಲ್ಲ ವೇಗ ಗಂಟೆಗೆ ಸುಮಾರು 73 ಕಿ.ಮೀ. ಮಾತ್ರ ಎಂದು ತಿಳಿಯುತ್ತದೆ, ಅಂದರೆ ಹೆದ್ದಾರಿಯಲ್ಲಿ ಹೋಗುವ ಸಾರಿಗೆ ಬಸ್ಸಿನ ವೇಗ. ಅಮೆರಿಕದ ಡೇಟೋನಾ ಸ್ಪೀಡ್‌ವೇಯ 31 ಡಿಗ್ರಿ ಓರೆಯ ಮೇಲೆ ಕಾಲೂರಿ ನಿಲ್ಲುವುದೇ ಕಷ್ಟವಾದರೂ ಅದೇ ಲೆಕ್ಕಕ್ಕೆ ಅಲ್ಲಿ ದೊರೆಯುವುದು ಗಂಟೆಗೆ 150 ಕಿ.ಮೀ.ಯ ಆಸುಪಾಸು. ಇಂಡಿಯಾನಾಪೊಲಿಸ್‌ನಲ್ಲಿ ಇಂದಿನ ಕಾರುಗಳು ತಿರುವನ್ನು ದಾಟುವ ವೇಗವಾದರೋ ಗಂಟೆಗೆ 350 ಕಿ.ಮೀ.ಯಷ್ಟು, ಆಗ ಕಾರಿನ ತೂಕದ ಮೂರೂಮುಕ್ಕಾಲು ಪಟ್ಟು ಒಳಸೆಳೆತ ಬೇಕಾಗುತ್ತದೆ. ಓರೆ ನೆಲವೇ ಎಲ್ಲವನ್ನೂ ಮಾಡುತ್ತದೆಂಬ ಸಾಮಾನ್ಯ ನಂಬಿಕೆ ಹೀಗೆ ತಪ್ಪಾಗಿದ್ದು, ಉಳಿದ ದೊಡ್ಡ ಪಾಲನ್ನು ಹೊರುವುದು ಗಾಳಿ ಮತ್ತು ಟೈರು.

ಗಾಳಿಯ ಪಾತ್ರವನ್ನು ಅರಿಯಲು ಬೇಸಿಗೆಯ ಬಿರುಗಾಳಿಗೆ ತಗಡಿನ ಚಾವಣಿ ಕಿತ್ತು ಹಾರುವುದನ್ನು ನೆನೆಯಬಹುದು. ತಗಡಿನ ಮೇಲೆ ಗಾಳಿ ರಭಸದಿಂದ ಹರಿದಾಗ ಅಲ್ಲಿನ ಒತ್ತಡ ಕುಸಿಯುತ್ತದೆ, ಒಳಗಿನ ಗಾಳಿ ತಗಡನ್ನು ಕೆಳಗಿನಿಂದ ನೂಕುತ್ತದೆ. ವಿಮಾನದ ರೆಕ್ಕೆ ಮೇಲೇರುವುದರ ಹಿಂದೆಯೂ ಈ ಒತ್ತಡದ ವ್ಯತ್ಯಾಸವಿದೆ. ರೇಸ್ ಕಾರಿನ ಮುಂದೆ ಮತ್ತು ಹಿಂದೆ ಕಾಣುವ ಪಟ್ಟಿಗಳು ತಲೆಕೆಳಗಾದ ರೆಕ್ಕೆಗಳಾಗಿದ್ದು, ಕಾರಿನ ಹೊಟ್ಟೆಯ ಅಡಿಯಲ್ಲಿ ನುಗ್ಗುವ ಗಾಳಿಯೊಂದಿಗೆ ಸೇರಿ ಇಡೀ ವಾಹನವನ್ನು ನೆಲಕ್ಕೆ ಅದುಮುತ್ತವೆ. ಈ ಒತ್ತುಬಲವೂ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವಿಚಿತ್ರವೊಂದು ಸಂಭವಿಸುತ್ತದೆ: ಕೆಲವು ತಿರುವುಗಳನ್ನು ನಿಧಾನವಾಗಿ ದಾಟಲು ಹೋದ ಚಾಲಕ ಜಾರಿಬಿಡಬಹುದು, ಧೈರ್ಯದಿಂದ ವೇಗವಾಗಿ ಹೋದವನು ನೆಲಕ್ಕೆ ಅಂಟಿಕೊಂಡು ಸಾಗಬಹುದು. ಮುಂದಿನ ಕಾರಿನ ಬೆನ್ನಿಗೆ ಅಂಟಿ ಬರುವ ಕಾರಿಗೆ ನೇರ ದಾರಿಯಲ್ಲಿ ಗಾಳಿಯ ತಡೆ ಕಡಿಮೆಯಾಗಿ ಲಾಭವಾದರೂ, ಮುಂದಿನ ಕಾರು ಕಲಕಿದ ಗಾಳಿಯಲ್ಲಿ ತಿರುವಿನ ಹೊತ್ತಿಗೆ ಒತ್ತುಬಲ ಕಡಿಮೆಯಾಗಿ ನಷ್ಟವಾಗುತ್ತದೆ. ಹಿಂದಿನ ಕಾರು ಹತ್ತಿರ ಬಂದೂ ದಾಟಲಾರದೆ ಒದ್ದಾಡುವುದಕ್ಕೆ ಇದು ಮುಖ್ಯ ಕಾರಣ.

ಒಣ ನೆಲದ ರೇಸಿಗೆ ಬಳಸುವ ಟೈರುಗಳಲ್ಲಿ ಗೆರೆಗಳೇ ಇರುವುದಿಲ್ಲ. ಇವನ್ನು ಸ್ಲಿಕ್ ಎನ್ನುತ್ತಾರೆ. ಗೆರೆಯಿದ್ದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕ, ಮತ್ತು ಆ ಮೆದು ರಬ್ಬರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಅಂಟಿನಂತಾಗಿ ಡಾಂಬರನ್ನು ಹಿಡಿಯುತ್ತದೆ. ಮಳೆ ಬಂದರೆ ಈ ನುಣುಪು ಟೈರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಬೈಕು ಹೊಡೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಜಿಗುಟು ಮಣ್ಣು ಟೈರಿನ ಗೆರೆಗಳನ್ನೆಲ್ಲ ತುಂಬಿ ಅದನ್ನು ಸ್ಲಿಕ್ ಮಾಡಿಬಿಟ್ಟಾಗ ಬ್ರೇಕು ಹಿಡಿದರೂ ಗಾಡಿ ತನ್ನ ಪಾಡಿಗೆ ಜಾರುತ್ತದೆ. ಆದ್ದರಿಂದಲೇ ಮಳೆಯಲ್ಲಿ ನಡೆಯುವ ರೇಸುಗಳಿಗೆ ನೀರನ್ನು ಹೊರಚೆಲ್ಲುವ ಆಳ ಗೆರೆಗಳ ಟೈರುಗಳಿರುತ್ತವೆ. ತಿರುವಿನ ಹೊರ ಅಂಚಿನಲ್ಲಿ ಕರಿ ಹಿಕ್ಕೆಯಂತೆ ಬಿದ್ದಿರುವ ಉಂಡೆಗಳು ಸವೆದ ಟೈರಿನ ಚೂರುಗಳೇ ಆಗಿದ್ದು, ಚಾಲಕರು ಅವುಗಳ ಮೇಲೆ ಚಕ್ರ ಹಾಯಿಸದೆ ಒಂದೇ ಜಾಡಿನಲ್ಲಿ ಸಾಗುವುದನ್ನು ತಿರುವಿನ ಬಳಿ ಕುಳಿತವರು ಬರಿಗಣ್ಣಿನಿಂದಲೇ ಕಾಣಬಹುದು.

ಕಣ್ಣಿಗೆ ಸಿಕ್ಕದ್ದನ್ನು ಕಿವಿ ಹಿಡಿಯುತ್ತದೆ. ಮೂರು ಸಿಲಿಂಡರಿನ ಟ್ರ್ಯಾಕ್ಟರು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಅದರ ಎಂಜಿನ್ನಿನಲ್ಲಿ ಸೆಕೆಂಡಿಗೆ 50 ಸ್ಫೋಟಗಳಾಗುತ್ತವೆ, ಕಿವಿಗೆ ಕೇಳುವ ಗುಡುಗುಡು ನಾದ ಅದೇ. 2011ರ ಫಾರ್ಮುಲಾ ಒನ್ ಕಾರಿನ ಎಂಟು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದ್ದುದರಿಂದ ಅದರಲ್ಲಿ ಸೆಕೆಂಡಿಗೆ 1,200 ಸ್ಫೋಟಗಳಾಗುತ್ತಿದ್ದವು. 2014ರಿಂದ ಬಂದ ಆರು ಸಿಲಿಂಡರಿನ ಎಂಜಿನ್ 12,000 ಸುತ್ತಿನಲ್ಲಿ 600 ಸ್ಫೋಟ ಹೊಮ್ಮಿಸುತ್ತದೆ, ಅಂದರೆ ನಾದ ಸರಿಯಾಗಿ ಒಂದು ಸಪ್ತಕ ಕೆಳಗಿಳಿಯಿತು. ಹಳೆಯ ಅಭಿಮಾನಿಗಳು ಈ ಬದಲಾವಣೆಗೆ ಮುನಿಸಿಕೊಂಡದ್ದು ಬರಿಯ ಹಳಹಳಿಕೆಯಲ್ಲ, ಅದಕ್ಕೆ ಸಂಗೀತಶಾಸ್ತ್ರದ ಆಧಾರವಿತ್ತು. ಇದಲ್ಲದೆ ಹತ್ತಿರ ಬರುವ ಸದ್ದಿನ ಅಲೆಗಳು ಒತ್ತೊತ್ತಾಗಿ ಸ್ವರ ಏರಿಯೂ, ದೂರ ಸರಿಯುವ ಸದ್ದಿನ ಅಲೆಗಳು ವಿರಳವಾಗಿ ಸ್ವರ ಇಳಿದೂ ಕೇಳುವುದನ್ನು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದ ತತ್ತ್ವ ವಿವರಿಸುತ್ತದೆ. ಗಂಟೆಗೆ 100 ಕಿ.ಮೀ. ವೇಗದ ರೈಲಿನ ಹಾರ್ನು ನಿಂತವರನ್ನು ದಾಟುವಾಗ ಹೆಚ್ಚುಕಡಿಮೆ ಕೋಮಲ ಗಾಂಧಾರದಿಂದ ಷಡ್ಜಕ್ಕೆ ಇಳಿದಂತೆ ಕೇಳಿಸಿದರೆ, 300 ಕಿ.ಮೀ. ವೇಗದ ಕಾರಿನ ಸದ್ದು ಎರಡು ಧೈವತಗಳ ನಡುವಿನ ಒಂದು ಎತ್ತರದಿಂದ ಷಡ್ಜಕ್ಕೆ ಒಂದೇ ಮೀಂಡಿನಲ್ಲಿ ಜಾರುತ್ತದೆ. ಸ್ವರಜ್ಞಾನವುಳ್ಳವರು ಕಣ್ಣು ಮುಚ್ಚಿಯೂ ಕಾರಿನ ವೇಗವನ್ನು ಅಂದಾಜು ಮಾಡಬಲ್ಲರು.

ಗೊಬ್ಬೂರದ ಸೀಮೆಗೆ ಅಷ್ಟೇನೂ ದೂರವಲ್ಲದ ಊರಿನಲ್ಲಿ ನಡೆದ ಅಂತರರಾಷ್ಟ್ರೀಯ ಕಾರು ರೇಸಿನಲ್ಲಿ ಮಾತ್ರ ಈ ಸಂಗೀತ ಇರಲಿಲ್ಲ. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದ ಬೀದಿಗಳಲ್ಲಿ, ಸುಮಾರು 2.8 ಕಿ.ಮೀ. ಉದ್ದದ ತಾತ್ಕಾಲಿಕ ಟ್ರ್ಯಾಕಿನಲ್ಲಿ ನಡೆದ ಫಾರ್ಮುಲಾ ಇ ರೇಸಿನಲ್ಲಿ ಓಡಿದವೆಲ್ಲ ಬ್ಯಾಟರಿಯ ಕಾರುಗಳು, ಗೆದ್ದವರು ಫ್ರಾನ್ಸಿನ ಜಾನ್ ಎರಿಕ್ ವರ್ನ್. ಸ್ಫೋಟವಿಲ್ಲದ ಮೋಟಾರಿನ ಕಾರಿನಿಂದ ಕೇಳಿಬರುವುದು ತೆಳ್ಳನೆಯ ಸಿಳ್ಳು, ಟೈರಿನ ಕಿರುಚಾಟ, ಗಾಳಿಯ ಸುಯ್ಲು ಮಾತ್ರ. ಆ ಕಾರುಗಳ ಹಿಂಚಕ್ರಗಳಿಗೆ ಸಾಮಾನ್ಯ ಬ್ರೇಕುಗಳೇ ಇರಲಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ಜನರೇಟರಾಗಿ ತಿರುಗಿ, ವ್ಯರ್ಥವಾಗಬೇಕಿದ್ದ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತಿತ್ತು. ಆದ್ದರಿಂದ ಅಲ್ಲಿಯೂ ಜಾಣತನವೆಲ್ಲ ಅಡಗಿದ್ದುದು ತಿರುವಿನ ಮುಂಚಿನ ಐವತ್ತು ನೂರು ಮೀಟರಿನಲ್ಲಿಯೇ.

ತಿರುವಿನ ಬಳಿ ಕುಳಿತುಕೊಳ್ಳಬೇಕೆಂದರೆ ಬೇಲಿಗೆ ಅಂಟಿಕೊಳ್ಳಬೇಕೆಂದು ಅರ್ಥವಲ್ಲ. 1955ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಕಾರೊಂದರ ಭಾಗಗಳು ಜನರ ಮೇಲೆ ಎರಗಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತ ನಂತರ ರಕ್ಷಣೆಯ ಕ್ರಮಗಳು ಬಿಗಿಯಾದವು. ಇಂದು ಎತ್ತರದ ತಂತಿಬಲೆ, ಕಳಚಿದ ಚಕ್ರವನ್ನು ಹಿಡಿದಿಡುವ ಗಟ್ಟಿ ಹಗ್ಗ, ಇಂಡಿಯಾನಾಪೊಲಿಸ್‌ನಲ್ಲಿ 2002ರಲ್ಲಿ ಮೊದಲು ಅಳವಡಿಸಿದ ಉಕ್ಕು ಮತ್ತು ಫೋಮಿನ ಮೆತ್ತನೆ ಗೋಡೆ ಇವೆಲ್ಲ ಅಪಾಯವನ್ನು ತಗ್ಗಿಸಿವೆ. ಸಾಲುಗಳಲ್ಲಿ ಮೇಲಿನದನ್ನು ಆರಿಸಿಕೊಂಡರೆ ಸುರಕ್ಷಿತವೂ ಹೌದು, ಬ್ರೇಕು ಹಿಡಿಯುವ ಜಾಗದಿಂದ ತಿರುವಿನ ಕೊನೆಯವರೆಗೆ ಇಡೀ ಜಾಡು ಕಾಣುವುದೂ ಹೌದು. ಪೆಟ್ರೋಲು ಕಾರುಗಳ ರೇಸಾದರೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದನ್ನು, ಜೊತೆಗಿರುವ ಮಕ್ಕಳಿಗೆ ಕಿವಿ ಮುಚ್ಚುವ ಇಯರ್‌ಮಫ್ ಹಾಕುವುದನ್ನು ಮರೆಯಬಾರದು. 100 ಡೆಸಿಬಲ್ ಸದ್ದನ್ನು ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೇಳಬಾರದೆಂಬ ಮಿತಿಯಿದೆ, ರೇಸು ನಡೆಯುವುದು ಒಂದೂವರೆ ಗಂಟೆ.