ಮಣ್ಣಿನ ಜೀವಿಗಳಿಗೂ ಎಡ-ಬಲ ಗೊತ್ತೇ?

ಅಮೈನೋ ಆಮ್ಲಗಳಲ್ಲಿ ‘ಎಲ್’, ‘ಡಿ’ ಎಂಬ ಎರಡು ರೂಪಗಳಿವೆಯಂತೆ. ಮಣ್ಣಿನ ಸೂಕ್ಷ್ಮಜೀವಿಗಳು ಎರಡನ್ನೂ ತಿನ್ನುತ್ತವೆಯೇ?

ತಿನ್ನುತ್ತವೆ, ಆದರೆ ಒಂದೇ ವೇಗದಲ್ಲಲ್ಲ. ಎರಡರಲ್ಲೂ ಇರುವ ಪರಮಾಣುಗಳು ಅವೇ. ಜೋಡಣೆ ಮಾತ್ರ ಕನ್ನಡಿಯ ಬಿಂಬದಂತೆ ತಿರುವುಮುರುವು, ಒಂದು ಜೊತೆ ಚಪ್ಪಲಿಯ ಹಾಗೆ. ಜೀವಿಗಳ ಪ್ರೋಟೀನುಗಳು ‘ಎಲ್’ ರೂಪದಿಂದಲೇ ಆಗುವುದರಿಂದ, ಸೂಕ್ಷ್ಮಜೀವಿಯ ಹೆಚ್ಚಿನ ಕಿಣ್ವಗಳು ಎಡಗಾಲಿದ್ದಂತೆ: ಎಡಚಪ್ಪಲಿ ಸಲೀಸಾಗಿ ಹೊಂದುತ್ತದೆ. ಕೊಳೆತ ಎಲೆಯ ಎಲ್-ಅಲನೀನ್ ಎಂಬ ಅಮೈನೋ ಆಮ್ಲ ಮಣ್ಣಿನಲ್ಲಿ ಬೇಗ ಖಾಲಿ.

‘ಡಿ’ ರೂಪ ನಿಧಾನವಾಗಿ ಖಾಲಿಯಾಗುತ್ತದೆ. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲೇ ಡಿ-ಅಲನೀನ್ ಇದೆ; ಅವು ಸತ್ತಾಗ ಮಣ್ಣು ಸೇರುತ್ತದೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿರುವ ರೇಸಿಮೇಸ್ ಎಂಬ ಕಿಣ್ವ ಅದನ್ನು ‘ಎಲ್’ ಆಗಿ ಮಗುಚುತ್ತದೆ. ಬೇರೆ ಕೆಲವು ಕಿಣ್ವಗಳು ನೇರವಾಗಿ ಒಡೆದು ಅಮೋನಿಯಾ ಬಿಡಿಸುತ್ತವೆ. ಆ ಅಮೋನಿಯಾದ ಸಾರಜನಕದಲ್ಲಿ ಗಿಡಕ್ಕೂ ಪಾಲುಂಟು.